ಜಿಟ್ಟರ್: ಡಿಜಿಟಲ್ ಧ್ವನಿ ಉಪಕರಣಗಳಲ್ಲಿ

ಡಿಜಿಟಲ್ ಧ್ವನಿ ಉಪಕರಣದೊಳಗಿನ ಕ್ಲಾಕ್ ಮಿಡಿತಗಳು ಬರಬೇಕಾದ ಗಳಿಗೆಗಿಂತ ತುಸು ಹಿಂದೆ ಮುಂದೆ ಬೀಳುವುದಕ್ಕೆ ಜಿಟ್ಟರ್ ಎನ್ನುತ್ತಾರೆ. ಸಿಡಿಯಲ್ಲಿ ಸೆಕೆಂಡಿಗೆ 44,100 ಸಲ ಧ್ವನಿಯ ಮಟ್ಟ ಅಳೆದಿಟ್ಟಿರುತ್ತದೆ. ಅಂಕಿ ಸರಿಯಿದ್ದರೂ ಅದು ಧ್ವನಿಯಾಗುವ ಹೊತ್ತು ತಪ್ಪಿದರೆ ಅಲೆಯ ಆಕಾರ ಕೆಡುತ್ತದೆ. 10 ಕಿಲೋಹರ್ಟ್ಸ್ ಸ್ವರಕ್ಕೆ 1 ನ್ಯಾನೊಸೆಕೆಂಡಿನ ನಿಯತ ಓಲಾಟ ಸೇರಿದರೆ, ಅದರ ಎರಡೂ ಬದಿಗೆ ಸುಮಾರು 90 ಡೆಸಿಬೆಲ್ ಕೆಳಗೆ ಹುಸಿಸ್ವರಗಳು ಹುಟ್ಟುತ್ತವೆ. ಸ್ವರ ಕೆಳಗಿಳಿದಷ್ಟೂ ಈ ಕಾಟ ಕಡಿಮೆ.

ಕ್ಲಾಕಿನ ಸರಾಸರಿ ವೇಗವೇ ತಪ್ಪಿ ಶ್ರುತಿ ಜಾರುವುದು ಬೇರೆ. ಬೆಂಗಳೂರಿನ ಜಿ. ರಾಜ್ ನಾರಾಯಣ್ ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿ 1979ರಲ್ಲಿ ಮದರಾಸಿನ ಸಂಗೀತ ಅಕಾಡೆಮಿ ಸಮ್ಮೇಳನದಲ್ಲಿ ಪ್ರದರ್ಶನಗೊಂಡಿತು. ಅಂಥ ವಾದ್ಯದಿಂದ ಗಾಯಕರಿಗೆ ಬೇಕಾದದ್ದು ಕಛೇರಿ ಮುಗಿಯುವ ತನಕ ಕದಲದ ಶ್ರುತಿ. ಡಿಜಿಟಲ್ ವಾದ್ಯದ ಕ್ಲಾಕ್ ಹತ್ತು ಲಕ್ಷಕ್ಕೆ 100ರಷ್ಟು ತಪ್ಪಿದರೂ ಶ್ರುತಿ ಜಾರುವುದು 0.17 ಸೆಂಟ್ ಮಾತ್ರ. ಅರ್ಧಸ್ವರಕ್ಕೆ 100 ಸೆಂಟ್. ಸರಾಸರಿಯಲ್ಲಿ ಕರಾರುವಾಕ್ಕಾದ ಕ್ಲಾಕಿನಲ್ಲೂ ಜಿಟ್ಟರ್ ಇರಬಹುದು. ಜಾಹೀರಾತುಗಳು ಇವೆರಡನ್ನೂ ಒಂದೇ ಎಂಬಂತೆ ಹೇಳುವುದುಂಟು.

1982ರಲ್ಲಿ ಸಿಡಿ ಮಾರುಕಟ್ಟೆಗೆ ಬಂತು. ಡಿಜಿಟಲ್ ಧ್ವನಿ ಉಪಕರಣಗಳನ್ನು ಜೋಡಿಸುವ 1985ರ ಎಇಎಸ್3 ಮಾನಕದಲ್ಲಿ ದತ್ತಾಂಶ, ಕ್ಲಾಕ್ ಎರಡೂ ಒಂದೇ ತಂತಿಯಲ್ಲಿ ಹರಿದವು. ಪೇಚು ಶುರುವಾದದ್ದು ಅಲ್ಲಿ. ತಂತಿಯ ಸಾಮರ್ಥ್ಯ ಸಾಲದಿದ್ದರೆ ಹಿಂದಿನ ಬಿಟ್‌ಗಳ ನೆರಳು ಮುಂದಿನವುಗಳ ಮೇಲೆ ಬಿದ್ದು, ಸಂಗೀತವೇ ಕ್ಲಾಕನ್ನು ಅಲುಗಿಸುತ್ತದೆ. ಸಂಶೋಧಕರಾದ ಕ್ರಿಸ್ ಡನ್, ಮಾಲ್ಕಮ್ ಹಾಕ್ಸ್‌ಫರ್ಡ್ 1992ರಲ್ಲಿ ಇದನ್ನು ವಿಶ್ಲೇಷಿಸಿದರು. ಅದೇ ಕಾಲದಲ್ಲಿ ಎಂಜಿನಿಯರ್ ಜೂಲಿಯನ್ ಡನ್ ಜಿಟ್ಟರ್ ಅಳೆಯುವ ಉಪಾಯವೊಂದನ್ನು ಕೊಟ್ಟರು: ಜೆ-ಟೆಸ್ಟ್. 11,025 ಹರ್ಟ್ಸ್ ಸ್ವರದ ಜೊತೆಗೆ ಸುಮಾರು 230 ಹರ್ಟ್ಸ್‌ನಲ್ಲಿ ಕೊನೆಯ ಬಿಟ್ ಒಂದನ್ನೇ ಏರಿಳಿಸುವುದು. ಅಂಕಿ ಸೊನ್ನೆಯ ಆಚೀಚೆ ಹೋಗುವಾಗ ಬಿಟ್‌ಗಳ ವಿನ್ಯಾಸವೇ ಬದಲಾಗುವುದರಿಂದ ತಂತಿಗೆ ಅದು ಕಠಿಣ ಪರೀಕ್ಷೆ. ವಿಶ್ಲೇಷಕದ ಪರದೆಯಲ್ಲಿ ನಡುವಿನ ಶಿಖರದ ಬದಿಗೆ 230 ಹರ್ಟ್ಸ್ ಅಂತರದಲ್ಲಿ ಮುಳ್ಳುಗಳೆದ್ದರೆ ಅದು ದತ್ತಾಂಶವೇ ಹುಟ್ಟಿಸಿದ ಜಿಟ್ಟರ್. ಶಿಖರದ ಬುಡ ಹರಡಿದ್ದರೆ ಗೊತ್ತುಗುರಿಯಿಲ್ಲದ ಜಿಟ್ಟರ್.

ಜಿಟ್ಟರ್ ತಗ್ಗಿಸಲು ಕ್ಲಾಕಿನ ಓಲಾಟ ಸೋಸುವ ಪಿಎಲ್‌ಎಲ್, ದತ್ತಾಂಶವನ್ನು ತಡೆದು ಸಮನಾಗಿ ಬಿಡುವ ಬಫರ್, ಹೊಸ ಕ್ಲಾಕಿಗೆ ತಕ್ಕಂತೆ ಅಂಕಿಗಳನ್ನು ಮತ್ತೆ ಲೆಕ್ಕ ಹಾಕುವ 1990ರ ದಶಕದ ಅಸಿಂಕ್ರೊನಸ್ ಸ್ಯಾಂಪಲ್ ರೇಟ್ ಪರಿವರ್ತಕಗಳು ಬಂದವು. ಅಸಿಂಕ್ರೊನಸ್ ಯುಎಸ್‌ಬಿಯಲ್ಲಂತೂ ಕಂಪ್ಯೂಟರಿನ ಬದಲು ಅಂಕಿಯನ್ನು ಧ್ವನಿಯಾಗಿಸುವ ಪರಿವರ್ತಕದ ಪಕ್ಕದ ಕ್ಲಾಕ್ ಸ್ಫಟಿಕವೇ ಯಜಮಾನ.

ಕಿವಿಯ ತೀರ್ಪು ಬೇರೆಯೇ. 1998ರ ಬೆಂಜಮಿನ್–ಗ್ಯಾನನ್ ಪರೀಕ್ಷೆಯಲ್ಲಿ ಸಂಗೀತದಲ್ಲಿ 20 ನ್ಯಾನೊಸೆಕೆಂಡಿಗಿಂತ ಕಡಿಮೆ ಜಿಟ್ಟರ್ ಯಾರಿಗೂ ಕೇಳಿಸಲಿಲ್ಲ. 2005ರಲ್ಲಿ ಜಪಾನಿನ ಅಶಿಹಾರಾ ತಂಡಕ್ಕೆ ಸಿಕ್ಕ ಮಿತಿ ನೂರಾರು ನ್ಯಾನೊಸೆಕೆಂಡು. ಇಂದಿನ ಸಾಧಾರಣ ಉಪಕರಣಗಳೂ ಅದಕ್ಕಿಂತ ಎಷ್ಟೋ ಕೆಳಗಿವೆ. ಹೀಗಾಗಿ ದುಬಾರಿ ಕ್ಲಾಕ್ ಪೆಟ್ಟಿಗೆಗಳ ಬಗ್ಗೆ ಅನುಮಾನ ಸಹಜ.

ಧ್ವನಿ ಮುದ್ರಿಸುವಾಗ ಸೇರಿದ ಜಿಟ್ಟರನ್ನು ಮಾತ್ರ ಆಮೇಲೆ ತೆಗೆಯಲಾಗದು. ಹಾಗಂತ ರಾಯಚೂರು ಜಿಲ್ಲೆಯ ಸಂತೆಕಲ್ಲೂರು, ಮಸ್ಕಿ ಕಡೆಯ ತತ್ವಪದಗಳ ಹಳೆ ಕ್ಯಾಸೆಟ್ಟನ್ನು ಡಿಜಿಟಲ್‌ಗೆ ಇಳಿಸುವವರು ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಟೇಪಿನ ವೇಗ ಸೆಕೆಂಡಿಗೆ ಐದು ಸಲ ಶೇಕಡಾ 0.1ರಷ್ಟು ಓಲಾಡಿದರೆ ಕಾಲದ ತಪ್ಪು ಸುಮಾರು 32 ಮೈಕ್ರೊಸೆಕೆಂಡು. 1 ನ್ಯಾನೊಸೆಕೆಂಡ್ ಜಿಟ್ಟರಿಗೆ ಹೋಲಿಸಿದರೆ 32,000 ಪಟ್ಟು. ದುಡ್ಡು ಹಾಕಬೇಕಾದದ್ದು ಡೆಕ್ಕಿನ ಬೆಲ್ಟಿಗೆ, ಟೇಪನ್ನು ಒತ್ತಿ ಎಳೆಯುವ ಪಿಂಚ್ ರೋಲರಿಗೆ.