ಎಕರೆ-ಗುಂಟೆಯಿಂದ ಹೆಕ್ಟೇರಿಗೆ: ಕರ್ನಾಟಕದ ಭೂದಾಖಲೆಗಳಲ್ಲಿ ಅಳತೆಯ ಪರಿವರ್ತನೆ

ಮೆಟ್ರಿಕ್ ಪದ್ಧತಿಗೆ ಭಾರತದಲ್ಲಿ ಕಾನೂನಿನ ಬಲ ಬಂದದ್ದು 1956ರ ತೂಕ ಮತ್ತು ಅಳತೆಗಳ ಅಧಿನಿಯಮದಿಂದ. ಅಂಗಡಿಯ ತಕ್ಕಡಿ ಬಹುಮಟ್ಟಿಗೆ ಒಂದು ತಲೆಮಾರಿನೊಳಗೆ ಕಿಲೋಗ್ರಾಮಿಗೆ ಒಗ್ಗಿಕೊಂಡಿತು. ನೆಲ ಒಗ್ಗಲಿಲ್ಲ. ಕರ್ನಾಟಕದ ಪಹಣಿಯಲ್ಲಿ ವಿಸ್ತೀರ್ಣ ಇಂದಿಗೂ ಎಕರೆ-ಗುಂಟೆಯಲ್ಲೇ ಇದೆ. ಸರ್ಕಾರದ ಯೋಜನೆಗಳು ರೈತನನ್ನು ಹೆಕ್ಟೇರಿನಲ್ಲಿ ಅಳೆಯುತ್ತವೆ. ಬೆಂಗಳೂರಿನ ಬಡಾವಣೆಗಳಲ್ಲಿ ಮೀಟರಿನಲ್ಲಿ ಹಂಚಿಕೆಯಾದ ನಿವೇಶನವನ್ನು ಜನ ಅಡಿಯಲ್ಲೇ ಕರೆಯುತ್ತಾರೆ. ಹೀಗೆ ಎರಡು ಪದ್ಧತಿಗಳು ಒಂದೇ ಜಮೀನಿನ ಮೇಲೆ ಕೂತಿರುವಾಗ ತಪ್ಪು ಎಲ್ಲಿ ನುಸುಳುತ್ತದೆ ಎಂಬುದು ಈ ಲೇಖನದ ಪ್ರಶ್ನೆ. ಗುಣಿಸುವಾಗ ಆಗುವ ತಪ್ಪು ಕಡಿಮೆ. ಅಂಕಿ ಯಾವ ಮಾನದಲ್ಲಿ ಹುಟ್ಟಿತೆಂಬ ಗುರುತು ಅಳಿಸಿದಾಗ ಮತ್ತು ಅದನ್ನು ಬೇಗನೆ ದುಂಡಾಗಿಸಿದಾಗ ಆಗುವ ನಷ್ಟವೇ ದೊಡ್ಡದು ಎಂದು ತೋರಿಸುವುದು ನನ್ನ ಉದ್ದೇಶ.

ಗುಂಟೆಯ ಮೂಲ ಸರ್ವೆ ಸರಪಳಿ. 33 ಅಡಿ ಉದ್ದದ ಆ ಸರಪಳಿಯನ್ನು 16 ಆಣೆಗಳಾಗಿ ಭಾಗಿಸಲಾಗಿತ್ತು. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಇರುವ ಚೌಕವೇ ಒಂದು ಗುಂಟೆ, ಅಂದರೆ 1,089 ಚದರಡಿ. ಗುಂಟೆಗೆ 16 ಆಣೆ, ಎಕರೆಗೆ 40 ಗುಂಟೆ. ಒಟ್ಟು 43,560 ಚದರಡಿ ಆಗುತ್ತದೆ. ಇದು ಇಂಗ್ಲೆಂಡಿನ ಎಕರೆಯೇ. ಒಳಗಿನ ವಿಭಜನೆ ಮಾತ್ರ ನಮ್ಮದು. ಮೆಟ್ರಿಕ್‌ನಲ್ಲಿ ಗುಂಟೆ 101.17 ಚದರ ಮೀಟರು, ಆಣೆ 6.32 ಚದರ ಮೀಟರು. ಮಹಾರಾಷ್ಟ್ರದ ಸಾತ್-ಬಾರಾ ದಾಖಲೆ ಹೆಕ್ಟೇರ್-ಆರ್ ಪದ್ಧತಿಯಲ್ಲಿದೆ. ಒಂದು ಆರ್ ಎಂದರೆ 100 ಚದರ ಮೀಟರು, ಗುಂಟೆಗಿಂತ ಒಂದು ಚದರ ಮೀಟರಿನಷ್ಟೇ ಕಡಿಮೆ. ಈ ಸಾಮೀಪ್ಯವೇ ಅಪಾಯಕಾರಿ. ಒಂದನ್ನು ಇನ್ನೊಂದೆಂದು ಎಣಿಸಿದರೂ ಕಣ್ಣಿಗೆ ಬೀಳುವುದಿಲ್ಲ, ಎಕರೆಯೊಂದಕ್ಕೆ 47 ಚದರ ಮೀಟರು ಸದ್ದಿಲ್ಲದೆ ವ್ಯತ್ಯಾಸವಾಗುತ್ತದೆ.

ಇದಕ್ಕಿಂತ ಗಂಭೀರವಾದದ್ದು ಬರವಣಿಗೆಯ ಕ್ರಮ. ಎರಡು ಎಕರೆ ಇಪ್ಪತ್ತು ಗುಂಟೆಯನ್ನು 2-20 ಎಂದು ಬರೆಯುವಂತೆ 2.20 ಎಂದೂ ಬರೆಯುವುದುಂಟು. ಸರ್ವೆಯರಿಗೂ ಗ್ರಾಮ ಆಡಳಿತಾಧಿಕಾರಿಗಳಿಗೂ ಇದರಲ್ಲಿ ಗೊಂದಲವಿಲ್ಲ: ಅದು ಎರಡೂವರೆ ಎಕರೆ. ಅದೇ ಅಂಕಿ ಗಣಕಯಂತ್ರದ ಕೋಷ್ಟಕಕ್ಕೆ ಹೋದರೆ ಚುಕ್ಕೆ ದಶಮಾಂಶವಾಗುತ್ತದೆ, 2.20 ಎಕರೆ ಎಂದರೆ ಎರಡು ಎಕರೆ ಎಂಟು ಗುಂಟೆ. ಹನ್ನೆರಡು ಗುಂಟೆ ಮಾಯ. ಅದನ್ನು ಹೆಕ್ಟೇರಿಗೆ ತಿರುಗಿಸಿದರೆ 1.01 ಬರಬೇಕಾದಲ್ಲಿ 0.89 ಬರುತ್ತದೆ. ಆ ಮೇಲೆ ಹೆಕ್ಟೇರಿನ ಅಂಕಿಯನ್ನಷ್ಟೇ ನೋಡುವವನಿಗೆ ತಪ್ಪನ್ನು ಹಿಡಿಯಲು ಯಾವ ಸುಳಿವೂ ಉಳಿದಿರುವುದಿಲ್ಲ. 1-45 ಎಂಬಂಥ ನಮೂದು ಕಂಡರೆ ದಶಮಾಂಶ ಬೆರೆತಿದೆಯೆಂದು ಹೇಳಬಹುದು, ಏಕೆಂದರೆ ಗುಂಟೆ 39ನ್ನು ದಾಟುವಂತಿಲ್ಲ. 40ಕ್ಕಿಂತ ಕಡಿಮೆಯ ಅಂಕಿಗಳಿಗೆ ಆ ರಕ್ಷಣೆಯೂ ಇಲ್ಲ.

ಸಣ್ಣ ಹಿಡುವಳಿದಾರರ ವರ್ಗೀಕರಣದಲ್ಲಿ ದುಂಡಾಗಿಸುವಿಕೆಯ ಪರಿಣಾಮ ಸ್ಪಷ್ಟ. ಎರಡು ಹೆಕ್ಟೇರಿನವರೆಗಿನ ಹಿಡುವಳಿ ಸಣ್ಣದು ಎನ್ನುವ ಮಿತಿಯನ್ನು ವಾಡಿಕೆಯಲ್ಲಿ ಐದು ಎಕರೆ ಎನ್ನುತ್ತೇವೆ. ಲೆಕ್ಕ ಹಾಕಿದರೆ ಎರಡು ಹೆಕ್ಟೇರು ನಾಲ್ಕು ಎಕರೆ 37 ಗುಂಟೆ 11 ಆಣೆಯ ಹತ್ತಿರ ನಿಲ್ಲುತ್ತದೆ. ನಾಲ್ಕು ಎಕರೆ 39 ಗುಂಟೆಯ ರೈತ ಒಂದು ಮಾನದಲ್ಲಿ ಮಿತಿಯ ಒಳಗೆ, ಇನ್ನೊಂದರಲ್ಲಿ ಹೊರಗೆ. ನಿಯಮದಲ್ಲಿ ಯಾವ ಮಾನ ಮೂಲ, ಯಾವುದು ಅಂದಾಜು ಎಂದು ಬರೆಯದಿದ್ದರೆ ಅರ್ಜಿ ಪರಿಶೀಲಿಸುವವರ ವಿವೇಚನೆಯೇ ನಿಯಮವಾಗುತ್ತದೆ. ಇದನ್ನು ನಾನು ತೀರಾ ಅನ್ಯಾಯವೆಂದೇ ಭಾವಿಸುತ್ತೇನೆ.

ನಗರದಲ್ಲಿ ಇದೇ ಕಥೆ ತಿರುಗುಮುರುಗಾಗಿದೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 9 × 12 ಮೀಟರಿನ ನಿವೇಶನವನ್ನು ಮಾತಿನಲ್ಲಿ ‘ಥರ್ಟಿ ಫಾರ್ಟಿ’ ಸೈಟು ಎನ್ನುತ್ತಾರೆ. ಅದು 108 ಚದರ ಮೀಟರು, ಅಂದರೆ 1,162.5 ಚದರಡಿ. ನಿಜವಾದ 30 × 40 ಅಡಿಯ ಸೈಟು 1,200 ಚದರಡಿ ಇರುತ್ತದೆ. 15 × 24 ಮೀಟರಿನದನ್ನು 50 × 80 ಎಂದು ಕರೆದಾಗ ಅಂತರ 125 ಚದರಡಿಗೆ ಏರುತ್ತದೆ. ದರ ಚದರಡಿಯ ಲೆಕ್ಕದಲ್ಲಿರುವ ಊರಿನಲ್ಲಿ ಕ್ರಯಪತ್ರದ ಚೆಕ್ಕುಬಂದಿ ಯಾವ ಮಾನದಲ್ಲಿದೆ ಎಂಬುದನ್ನು ಕೊಳ್ಳುವವರು ಓದಲೇಬೇಕು.

ಗುಣಕವೇ ತೊಡಕಾದ ಪ್ರಸಂಗವೊಂದು ಉಂಟು, ಅದೂ ಇದೇ ನೆಲದ ಸರ್ವೆಯ ಇತಿಹಾಸದಲ್ಲಿ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನ ಬಳಿ ಆಧಾರರೇಖೆ ಅಳೆದು ಆರಂಭಿಸಿದ ತ್ರಿಕೋನ ಸರ್ವೆ 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ರೇಖೆಯನ್ನು ಅಳೆಯಿತು. ಈ ಸರ್ವೆಯ ಮುಂದಾಳಾಗಿ ಬಂದ ಜಾರ್ಜ್ ಎವರೆಸ್ಟ್ 1830ರಲ್ಲಿ ಭೂಗೋಳದ ದೊಡ್ಡ ಅರೆ-ಅಕ್ಷವನ್ನು, ಅಂದರೆ ಸಮಭಾಜಕದಲ್ಲಿನ ತ್ರಿಜ್ಯವನ್ನು, 2,09,22,931.80 ಅಡಿ ಎಂದು ನಿಗದಿಪಡಿಸಿದ. ಇಲ್ಲಿಯ ಅಡಿ ‘ಭಾರತೀಯ ಅಡಿ’. ಅದು ಬ್ರಿಟಿಷ್ ಅಡಿಯ 0.99999566 ಭಾಗವೆಂದು ಎ. ಆರ್. ಕ್ಲಾರ್ಕ್ 1865ರಲ್ಲಿ ಕಂಡುಕೊಂಡ. ಮೀಟರಿಗೆ ತಿರುಗಿಸುವಾಗ 1937ರಲ್ಲಿ ಭಾರತೀಯ ಅಡಿಯನ್ನು 0.30479841 ಮೀಟರು ಎಂದು ಹಿಡಿಯಲಾಯಿತು, ಅರೆ-ಅಕ್ಷ 63,77,276.345 ಮೀಟರಾಯಿತು. 1975ರಲ್ಲಿ 0.3047995 ಎಂದು ಹಿಡಿದಾಗ ಅದು 63,77,299.151 ಮೀಟರಾಯಿತು. ಅಡಿಯಲ್ಲಿದ್ದ ಅಂಕಿ ಒಂದು ಚುಕ್ಕೆಯೂ ಬದಲಾಗಲಿಲ್ಲ, ಆದರೂ ಭೂಮಿಯ ತ್ರಿಜ್ಯ 22.8 ಮೀಟರು ಬೆಳೆಯಿತು. ಹಳೆಯ ನಕ್ಷೆಯ ನಿರ್ದೇಶಾಂಕಗಳನ್ನು ಉಪಗ್ರಹದ ಅಳತೆಗೆ ಹೊಂದಿಸುವವರು ಇವೆರಡರಲ್ಲಿ ಯಾವುದನ್ನು ಬಳಸಲಾಗಿದೆಯೆಂದು ಮೊದಲು ತಿಳಿಯಬೇಕಾಗುತ್ತದೆ. ಅದೇ ವ್ಯತ್ಯಾಸ 33 ಅಡಿಯ ಒಂದು ಸರಪಳಿಯಲ್ಲಿ ಒಂದು ಮಿಲಿಮೀಟರಿನ ಇಪ್ಪತ್ತೈದನೇ ಒಂದು ಭಾಗವನ್ನೂ ಮುಟ್ಟುವುದಿಲ್ಲ. ಹೊಲದ ಮೇರೆಗೆ ಅದರಿಂದ ಏನೂ ಆಗದು.

ಹೊಲದ ಮೇರೆಗೆ ಪೆಟ್ಟು ಬೀಳುವುದು ಪೋಡಿಯ, ಅಂದರೆ ಸರ್ವೆ ನಂಬರನ್ನು ಭಾಗಿಸುವ, ಹೊತ್ತಿನಲ್ಲಿ. ಮೂರು ಎಕರೆಯ ಸರ್ವೆ ನಂಬರನ್ನು ಮೂವರು ಅಣ್ಣತಮ್ಮಂದಿರು ತಲಾ ಒಂದು ಎಕರೆಯಂತೆ ಹಿಸ್ಸಾ ಮಾಡಿಕೊಂಡರೆನ್ನಿ. ಎರಡು ದಶಮಾಂಶ ಸ್ಥಾನದ ಹೆಕ್ಟೇರಿನಲ್ಲಿ ಮೂಲ ನಂಬರು 1.21, ಪ್ರತಿ ಹಿಸ್ಸಾ 0.40, ಮೂರರ ಮೊತ್ತ 1.20. ಕಾಣೆಯಾದ 0.01 ಹೆಕ್ಟೇರು 100 ಚದರ ಮೀಟರು, ಹೆಚ್ಚುಕಡಿಮೆ ಒಂದು ಗುಂಟೆ. ಅದನ್ನು ಯಾರ ಹೆಸರಿಗೆ ಬರೆಯುವುದು? ಪ್ರತಿ ಹಿಸ್ಸೆಯನ್ನು ಪೂರ್ಣಾಂಕದ ಚದರ ಮೀಟರಿನಲ್ಲಿ 4,047 ಎಂದು ಬರೆದರೆ ಮೊತ್ತ 12,141 ಆಗುತ್ತದೆ. ಮೂರು ಎಕರೆಯ ನಿಜವಾದ ಅಳತೆ 12,140.57. ಉಳಿಯುವ ವ್ಯತ್ಯಾಸ ಅರ್ಧ ಚದರ ಮೀಟರಿಗಿಂತ ಕಡಿಮೆ, ಅಂದರೆ ಒಂದು ಆಣೆಯ ಸುಮಾರು ಹದಿನೈದನೇ ಒಂದು ಭಾಗದಷ್ಟು. ಪಕ್ಕದ ಅಂಕಣದಲ್ಲಿ ಮೂಲ ಸರ್ವೆ ಟಿಪ್ಪಣಿಯ ಎಕರೆ-ಗುಂಟೆ-ಆಣೆಯನ್ನೂ ಚುಕ್ಕೆಯಿಲ್ಲದೆ, ಅಡ್ಡಗೆರೆ ಹಾಕಿ ಹಾಗೆಯೇ ಉಳಿಸಿಕೊಂಡರೆ ಇಷ್ಟೂ ವ್ಯತ್ಯಾಸವನ್ನು ಯಾವಾಗ ಬೇಕಾದರೂ ಮರುಲೆಕ್ಕ ಮಾಡಿ ನೋಡಬಹುದು.