ಕಾಯಕದಂಪತಿಗಳ ಗೃಹನಿರ್ಣಯ

ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹವನ್ನು ನಡೆಯಿಸಿದ ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ಅರಿಯದ ಭಕ್ತರು ವಿರಳ. ರಾಯಚೂರು ಸೀಮೆಯ ಲಿಂಗಸುಗೂರಿನ ಬಳಿಯ ಅಮರೇಶ್ವರವು ಈ ದಂಪತಿಗಳ ಮೂಲಸ್ಥಳವೆಂದು ಪ್ರತೀತಿ. 12ನೆಯ ಶತಮಾನದ ನಡುಭಾಗದಲ್ಲಿ, ಕಳಚುರಿ ಬಿಜ್ಜಳನ ಆಳಿಕೆಯ ಕಾಲಕ್ಕೆ, ಬಸವಣ್ಣನವರ ಕೀರ್ತಿಯನ್ನು ಕೇಳಿ ಅವರು ಕಲ್ಯಾಣಕ್ಕೆ ಬಂದರು. ಪುರಾಣಪ್ರವಚನಗಳಲ್ಲಿ ಲಕ್ಕಮ್ಮನವರನ್ನು ಪತಿಯ ನೆರಳಿನಂತೆ ನಡೆದ ಸಾಧ್ವಿಯೆಂದು ಹೊಗಳುವ ವಾಡಿಕೆಯುಂಟು. ಈ ಹೊಗಳಿಕೆಯಲ್ಲಿ ಭಕ್ತಿಯಿದೆ; ಆದರೆ ಚರಿತ್ರೆಯ ಮುಖ್ಯಾಂಶವೇ ಅದರಲ್ಲಿ ಮರೆಯಾಗಿದೆ. ಆ ಮನೆಯಲ್ಲಿ ಪತಿಯು ಮಾಡಿದ ಕಾರ್ಯವನ್ನು ಸತಿಯು ಒಪ್ಪಲಿಲ್ಲ. ಪತಿಯು ಅದನ್ನು ತಿದ್ದಿಕೊಂಡರು.

ಪ್ರಸಂಗವು ಶೂನ್ಯಸಂಪಾದನೆಯಲ್ಲಿ ವಿಸ್ತಾರವಾಗಿ ಬಂದಿದೆ. ಅಕ್ಕಿಯನ್ನು ಆಯುವುದು ಮಾರಯ್ಯನವರ ಕಾಯಕ. ಅದನ್ನು ಹಸನುಮಾಡಿ ಬೋನವಾಗಿಸಿ ಜಂಗಮಕ್ಕೆ ನೀಡುವುದು ಲಕ್ಕಮ್ಮನವರ ಕಾಯಕ. ಒಂದು ದಿನ ಮಾರಯ್ಯನವರು ಪ್ರಭುದೇವರೊಡನೆ ಅನುಭಾವಗೋಷ್ಠಿಯಲ್ಲಿ ಮೈಮರೆತಿರಲು, ಕಾಯಕವು ನಿಂತುಹೋದುದನ್ನು ಸತಿಯೇ ಪತಿಗೆ ನೆನಪಿಸಿದರು. ಗೋಷ್ಠಿಯು ಎಷ್ಟು ದೊಡ್ಡದಾದರೂ ಹೊತ್ತಿನ ಕಾಯಕಕ್ಕೆ ಅದು ಬದಲಾಗದೆಂಬುದು ಅವರ ಭಾವ. ಮಾರಯ್ಯನವರು ಅವಸರದಿಂದ ಹೋಗಿ, ನಿತ್ಯದ ಅಳತೆಗಿಂತ ಹೆಚ್ಚಾಗಿ ಅಕ್ಕಿಯನ್ನು ತಂದರು. ಲಕ್ಕಮ್ಮನವರು ಕಂಡೊಡನೆಯೇ ಅಳತೆ ಮಿಕ್ಕುದನ್ನು ಅರಿತರು. ಬೇಕಾದುದಕ್ಕಿಂತ ಹೆಚ್ಚಿಗೆ ಕೂಡಿಡುವ ಬಯಕೆ ಅರಸರ ಪಾಲಿನದು, ಶಿವಭಕ್ತರದಲ್ಲ ಎಂಬುದು ಅವರ ತೀರ್ಪಾಯಿತು. ಹೆಚ್ಚಿನ ಅಕ್ಕಿಯನ್ನು ಇದ್ದಲ್ಲಿಗೇ ಸುರಿದು ಬರುವಂತೆ ಅವರು ನುಡಿದರು. ಮಾರಯ್ಯನವರು ಹಾಗೆಯೇ ಮಾಡಿದರು.

ಇಲ್ಲಿ ಮಾರಯ್ಯನವರಿಗೆ ಹೇಳಿಕೊಳ್ಳಲು ಸಮಾಧಾನವಿಲ್ಲದಿರಲಿಲ್ಲ. ಬಾಗಿ ಬಾಗಿ ಆಯ್ದ ಬೆನ್ನು ಅವರದು, ತಂದುದು ಕಳವಿನ ಧಾನ್ಯವಲ್ಲ, ಜಂಗಮಕ್ಕೇ ಸಲ್ಲತಕ್ಕುದು. ತಂದವನ ಮಾತೇ ಮನೆಯಲ್ಲಿ ನಡೆಯತಕ್ಕುದೆಂದು ವಾದಿಸಬಹುದಿತ್ತು. ಅವರು ವಾದಿಸಲಿಲ್ಲ. ಆಯ್ದ ಅಕ್ಕಿಯು ಲಕ್ಕಮ್ಮನವರ ಕೈಯಿಂದ ಬೋನವಾಗದೆ ದಾಸೋಹಕ್ಕೆ ಒದಗುವಂತಿರಲಿಲ್ಲ. ದಿನದ ಅವಶ್ಯಕತೆಯೆಷ್ಟೆಂಬುದನ್ನು ಖಚಿತವಾಗಿ ಬಲ್ಲವರೂ ಅವರೇ. ಎರಡು ಕಾಯಕಗಳು ಕೂಡಿ ಒಂದು ಸಂಸಾರ ನಡೆದಾಗ ನಿರ್ಣಯವು ಒಬ್ಬರ ಕೈಯಲ್ಲಿ ನಿಲ್ಲಲಿಲ್ಲ.

ಶೂನ್ಯಸಂಪಾದನೆಯು 15ನೆಯ ಶತಮಾನದಿಂದೀಚೆಗೆ ಸಂಕಲಿತವಾಗಿ, ಮುಂದೆ ಪರಿಷ್ಕರಿಸಲ್ಪಟ್ಟ ಗ್ರಂಥ. ಆದುದರಿಂದ ಸಂವಾದದ ಸನ್ನಿವೇಶವನ್ನೆಲ್ಲ ಕಂಡವರು ಬರೆದಿಟ್ಟ ವೃತ್ತಾಂತವೆಂದು ತಿಳಿಯಲಾಗದು. ಆದರೂ ಮೂರು ಶತಮಾನಗಳ ತರುವಾಯದ ವಿರಕ್ತ ಸಂಕಲನಕಾರರು, ತಾವು ಸಂಸಾರಿಗಳಲ್ಲದಿದ್ದರೂ, ಸತಿಯ ಮಾತನ್ನು ಪತಿಯು ನಡೆಯಿಸಿದ ಈ ಭಾಗವನ್ನು ಮುಚ್ಚಿಡದೆ ಎತ್ತಿ ಹಿಡಿದುದು ಗಣನೀಯ.

ಇದೊಂದೇ ಮನೆಯ ಮಾತಲ್ಲ. ಕಾಶ್ಮೀರದ ಅರಸುತನವನ್ನು ತೊರೆದು ಬಂದು ಕಟ್ಟಿಗೆ ಮಾರಿ ಬದುಕಿದರೆಂದು ಪ್ರಸಿದ್ಧರಾದ ಮೋಳಿಗೆಯ ಮಾರಯ್ಯನವರಿಗೂ ಅವರ ಸತಿ ಮಹಾದೇವಿಯವರು ಐಕ್ಯದ ವಿಷಯದಲ್ಲಿ ಪ್ರಶ್ನೆ ಹಾಕಿ ಅರಿವು ತಂದರು. ಕುಂಬಾರ ಗುಂಡಯ್ಯನವರ ಸತಿ ಕೇತಲದೇವಿಯವರು ಮಣ್ಣಿನ ಹದವನ್ನು ಸ್ವತಃ ಬಲ್ಲವರಂತೆ ವಚನವನ್ನು ನುಡಿದಿದ್ದಾರೆ. ಕದಿರ ರೆಮ್ಮವ್ವೆಯವರದು ನೂಲುವ ಕಾಯಕ. ಕೊಟ್ಟಣದ ಸೋಮಮ್ಮನವರದು ಬತ್ತ ಕುಟ್ಟುವ ಕಾಯಕ. ಇವರ ಹೆಸರಿನ ಹಿಂದೆ ಪತಿಯ ವೃತ್ತಿಯಲ್ಲ, ತಮ್ಮ ದುಡಿಮೆಯೇ ಅಂಟಿಕೊಂಡಿದೆ. ಹೀಗೆಂದು ಅಂದಿನ ಶರಣರ ಮನೆಗಳೆಲ್ಲವೂ ಆಯ್ದಕ್ಕಿ ದಂಪತಿಗಳ ಮನೆಯಂತೆಯೇ ಇದ್ದುವೆನ್ನುವುದು ಅತಿಶಯೋಕ್ತಿ.

ಲಕ್ಕಮ್ಮನವರ ಅಂಕಿತವು ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’ ಎಂದಿರುವುದರಿಂದ ಅವರು ಪತಿಗೆ ಅಧೀನರೇ ಅಲ್ಲವೆ ಎಂದು ಆಕ್ಷೇಪಿಸುವವರುಂಟು. ಪತಿಯ ಹೆಸರು ಅಂಕಿತದಲ್ಲಿದೆ, ನಿಜ. ಆದರೆ ಆ ಹೆಸರಿನ ಅಡಿಯಲ್ಲಿಯೇ ಪತಿಯನ್ನು ತಿದ್ದುವ ವಚನಗಳಿವೆ. ಹೆಸರನ್ನು ಹೊತ್ತುದು ಪ್ರೀತಿಗಾಗಿ. ಬಾಯಿಗೆ ಬೀಗವಾಗಿ ಅಲ್ಲ.

ಇಂದು ಸತಿಪತಿಗಳಿಬ್ಬರೂ ಶಾಲೆ, ಕಛೇರಿ, ಕಾರ್ಖಾನೆಗಳಲ್ಲಿ ದುಡಿದು ಸಂಬಳ ತರುವ ಭಕ್ತರ ಮನೆಗಳು ಅನೇಕವಾಗಿವೆ. ಆದಾಯವು ಎರಡು ಕಡೆಯಿಂದ ಬಂದರೂ ನಿವೇಶನವನ್ನು ಕೊಳ್ಳುವುದು, ಸಾಲವನ್ನು ಎತ್ತುವುದು, ಮಗಳ ವಿದ್ಯಾಭ್ಯಾಸವನ್ನು ನಿಲ್ಲಿಸುವುದು ಇಲ್ಲವೆ ಮುಂದುವರಿಸುವುದು ಹಲವು ಮನೆಗಳಲ್ಲಿ ಒಬ್ಬರ ಮಾತಿನಿಂದಲೇ ತೀರ್ಮಾನವಾಗುತ್ತದೆ. ಸತಿಯ ಸಂಬಳವು ಮನೆಗೆ ಬೇಕು, ಸತಿಯ ಸಮ್ಮತಿಯು ಬೇಡ! ಇಬ್ಬರ ಗಳಿಕೆಯಿಂದ ಮಠಕ್ಕೆ ಕೊಟ್ಟ ಕಾಣಿಕೆಯನ್ನು ಕೂಡ ಯಜಮಾನರ ಹೆಸರಿನಲ್ಲಿ ಮಾತ್ರ ಬರೆಯಿಸುವ ರೂಢಿ ಹಲವರಲ್ಲಿ ಉಳಿದಿದೆ. ಅಕ್ಕಿಯ ಗಂಟಿನ ಮುಂದೆ ನಿಂತ ಲಕ್ಕಮ್ಮನವರನ್ನು ಜಯಂತಿಯ ದಿನ ಕೊಂಡಾಡುವವರು ಈ ರೂಢಿಯನ್ನು ಗಮನಿಸಿದಂತೆ ತೋರುವುದಿಲ್ಲ.

ಓಲೆಗರಿಗಳಲ್ಲಿ ಅಡಗಿದ್ದ ಶರಣರ ನುಡಿಗಳನ್ನು ಹುಡುಕಿ ಬೆಳಕಿಗೆ ತರಲು ಫ. ಗು. ಹಳಕಟ್ಟಿಯವರು ಜೀವಮಾನವನ್ನೇ ಸವೆಯಿಸಿದರು. 1923ರಲ್ಲಿ ಅವರ ವಚನಶಾಸ್ತ್ರಸಾರದ ಮೊದಲನೆಯ ಭಾಗವು ಹೊರಬಂದಿತು. 1926ರಲ್ಲಿ ಶಿವಾನುಭವ ಪತ್ರಿಕೆಯು ಆರಂಭವಾಯಿತು. ಲಕ್ಕಮ್ಮನವರ ವಚನಗಳು ಮಾರಯ್ಯನವರ ವಚನಗಳೊಡನೆ ಬೆರೆತುಹೋಗದೆ, ತಮ್ಮದೇ ಅಂಕಿತದಿಂದ ಬೇರೆಯಾಗಿ ಉಳಿದುಬಂದಿವೆ. ಶೂನ್ಯಸಂಪಾದನೆಯ ಆ ಅಧ್ಯಾಯದ ಕಡೆಯ ಭಾಗದಲ್ಲಿ ಐಕ್ಯದ ನಿಲವನ್ನು ತಿಳುಹಬೇಕೆಂದು ಕೇಳುವವರು ಮಾರಯ್ಯನವರು, ತಿಳುಹುವವರು ಲಕ್ಕಮ್ಮನವರು.