ದೊಡ್ಡರೋಗವೂ ಬೆಂಗಳೂರಿನ ಸಂಶೋಧನೆಯೂ

ಬಸವನಗುಡಿಯ ದೊಡ್ಡ ಬಸವಣ್ಣನ ಐತಿಹ್ಯವು ಸುಪರಿಚಿತವಾದದ್ದು. ಸುಂಕೇನಹಳ್ಳಿಯ ರೈತರ ಕಡಲೆಕಾಯಿ ಬೆಳೆಯನ್ನು ಮೇಯುತ್ತಿದ್ದ ಬಸವನು ರೈತನೊಬ್ಬನ ದೊಣ್ಣೆಯ ಪೆಟ್ಟಿಗೆ ಕಲ್ಲಾದನೆಂದೂ, ಆ ತಪ್ಪಿನ ಶಾಂತಿಗಾಗಿ ರೈತರು ಮೊದಲ ಫಸಲನ್ನು ಅವನಿಗೆ ಒಪ್ಪಿಸತೊಡಗಿದರೆಂದೂ ಜನರು ಹೇಳುತ್ತಾರೆ. ಕಾರ್ತಿಕ ಮಾಸದ ಕಡೆಯ ಸೋಮವಾರದ ಕಡಲೆಕಾಯಿ ಪರಿಷೆಗೆ ಇದೇ ಮೂಲವಂತೆ. ಗುಡಿಯನ್ನು ಕೆಂಪೇಗೌಡನು 1537ರಲ್ಲಿ ಕಟ್ಟಿಸಿದನೆಂಬುದು ಪ್ರತೀತಿ. ಕಡಲೆಕಾಯಿಯಾದರೋ ದಕ್ಷಿಣ ಅಮೆರಿಕದ ಬೆಳೆ, ಪೋರ್ಚುಗೀಸರು ಬಂದ ಬಳಿಕ ಈ ದೇಶವನ್ನು ಸೇರಿದ್ದು. ಆದುದರಿಂದ ಐತಿಹ್ಯದ ಈಗಿನ ರೂಪವು ಗುಡಿಗಿಂತ ಈಚಿನದಿರಬೇಕೆಂದು ನಾವು ಊಹಿಸುತ್ತೇವೆ. ಅದು ಹೇಗೇ ಇರಲಿ, ದನಕ್ಕೂ ಕಡಲೆಕಾಯಿಗೂ ಇರುವ ಈ ನಂಟು ನಗರದ ಉತ್ತರ ಭಾಗದಲ್ಲಿ, ಮಲ್ಲೇಶ್ವರದ ನೆರೆಯಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಇನ್ನೊಂದು ರೂಪವನ್ನು ತಾಳಿತು. ಅದರ ಅರ್ಥವಾಗಬೇಕಾದರೆ ದೊಡ್ಡರೋಗದ ಚರಿತ್ರೆಯನ್ನು ಮೊದಲು ನೋಡಬೇಕು.

ದಡಾರಕ್ಕೆ ಕಾರಣವಾದ ವೈರಸ್ಸಿನ ಬಳಗಕ್ಕೆ ಸೇರಿದ ವೈರಸ್ಸಿನಿಂದ ಬರುತ್ತಿದ್ದ ಈ ರೋಗವು ಜ್ವರ, ಬಾಯಿಹುಣ್ಣು, ಭೇದಿಗಳೊಡನೆ ಕಾಣಿಸಿಕೊಂಡು ಕೆಲವೇ ದಿನಗಳಲ್ಲಿ ಕೊಟ್ಟಿಗೆಯನ್ನು ಬರಿದು ಮಾಡುತ್ತಿತ್ತು. ಎತ್ತು ಸತ್ತರೆ ಉಳುಮೆಯೂ ನಿಂತಿತು, ಗಾಡಿಯೂ ನಿಂತಿತು. ಇದನ್ನೆದುರಿಸಲು 1925ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ಸ್ಥಾಪಿತವಾಯಿತು. ಹೆಬ್ಬಾಳದಲ್ಲಿ ಇಂದಿರುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯು ಅದರದೇ ಮುಂದುವರಿಕೆ. ಕೆಲವು ದನಗಳಿಗೆ ರೋಗಾಣುವನ್ನು ಮತ್ತೆ ಮತ್ತೆ ಚುಚ್ಚಿ, ಅವು ಅದನ್ನು ತಾಳಿಕೊಂಡ ಮೇಲೆ ಅವುಗಳ ರಕ್ತವನ್ನು ತೆಗೆದು, ಅದರಿಂದ ಬೇರ್ಪಡಿಸಿದ ಸೀರಮ್ಮನ್ನು ರೋಗ ಹರಡುತ್ತಿದ್ದ ಊರುಗಳ ದನಗಳಿಗೆ ಕೊಡುವುದು ಸೀರಂ ಚಿಕಿತ್ಸೆಯ ಕ್ರಮ. ಹೀಗೆ ಬಂದ ರಕ್ಷಣೆಯು ಕೆಲವು ವಾರಗಳು ಮಾತ್ರ ನಿಲ್ಲುತ್ತಿತ್ತು. ಊರಿನ ದನಗಳನ್ನು ಉಳಿಸಲು ನೆತ್ತರು ಕೊಟ್ಟ ಈ ಮೂಕ ಪ್ರಾಣಿಗಳ ವಿಷಯವನ್ನು ಪಶುವೈದ್ಯದ ಚರಿತ್ರಕಾರರು ಬೇಗ ದಾಟಿಹೋಗುತ್ತಾರೆಂದು ನಮಗೆ ತೋರುತ್ತದೆ.

ಮುಕ್ತೇಶ್ವರದಲ್ಲಿ ಎಡ್ವರ್ಡ್ಸ್ ಎಂಬವರು 1920ರ ದಶಕದಲ್ಲಿ ವೈರಸ್ಸನ್ನು ಆಡುಗಳಲ್ಲಿ ಹಾಯಿಸಿ ಸೌಮ್ಯಗೊಳಿಸಿದರು. 1960ರ ಸುಮಾರಿಗೆ ಕೀನ್ಯಾದಲ್ಲಿ ವಾಲ್ಟರ್ ಪ್ಲೋರೈಟರು ಕರುವಿನ ಮೂತ್ರಪಿಂಡದ ಜೀವಕೋಶಗಳಲ್ಲಿ ಬೆಳೆಸಿದ ಲಸಿಕೆಯನ್ನು ಸಿದ್ಧಪಡಿಸಿದರು. ಇದರ ಒಂದೇ ಚುಚ್ಚುಮದ್ದು ಬಹುಕಾಲ ಕಾಯುತ್ತಿತ್ತು. ಆದರೆ ಎರಡು ತೊಡಕುಗಳಿದ್ದವು. ಲಸಿಕೆಯು ಬಿಸಿಲಿಗೆ ಕೆಡುತ್ತಿತ್ತು; ಮಂಜುಗಡ್ಡೆಯೇ ಸಿಗದ ಹಳ್ಳಿಗೆ ಅದನ್ನು ಒಯ್ಯುವುದು ಸುಲಭವಲ್ಲ. ಇದಕ್ಕಿಂತ ಸೂಕ್ಷ್ಮವಾದುದು ಎರಡನೆಯದು: ಲಸಿಕೆ ಪಡೆದ ದನದ ರಕ್ತವನ್ನೂ ರೋಗ ಬಂದು ಬದುಕಿದ ದನದ ರಕ್ತವನ್ನೂ ಪರೀಕ್ಷೆಯಲ್ಲಿ ಬೇರ್ಪಡಿಸಲಾಗುತ್ತಿರಲಿಲ್ಲ. ಆದುದರಿಂದ ರೋಗವು ನಿಜವಾಗಿ ಅಳಿದಿದೆಯೇ ಎಂದು ತಿಳಿಯಲು ಲಸಿಕೆಯನ್ನೇ ನಿಲ್ಲಿಸಿ ಕಾದು ನೋಡಬೇಕಾಯಿತು. ತಲೆಮಾರುಗಳ ಕಾಲ ಈ ಮಾರಿಗೆ ಅಂಜಿದ ರೈತನ ದನಕ್ಕೆ ಇನ್ನು ಲಸಿಕೆ ಬೇಡವೆನ್ನುವುದು ಸಣ್ಣ ನಿರ್ಧಾರವಲ್ಲ.

ಈ ಎರಡು ತೊಡಕುಗಳಿಗೂ ಉತ್ತರವಾಗಬಲ್ಲ ಪ್ರಯೋಗವು ವಿಜ್ಞಾನ ಸಂಸ್ಥೆಯಲ್ಲಿ ನಡೆಯಿತು. ಎಂ. ಎಸ್. ಶೈಲಾ, ಜಿ. ಲಕ್ಷ್ಮೀ ಸೀತಾ ಮತ್ತು ಅವರ ಸಹೋದ್ಯೋಗಿಗಳು ದೊಡ್ಡರೋಗದ ವೈರಸ್ಸಿನ ಹೊರಮೈಯಲ್ಲಿರುವ ಹೀಮಗ್ಲುಟಿನಿನ್ ಎಂಬ ಪ್ರೋಟೀನಿನ ಜೀನನ್ನು ಕಡಲೆಕಾಯಿ ಗಿಡದಲ್ಲಿ ಸೇರಿಸಿ, ಅದರ ಎಲೆಯನ್ನು ದನಗಳಿಗೆ ಮೇಯಿಸಿದರು. 2003ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮೇದ ದನಗಳ ರಕ್ತದಲ್ಲಿ ವೈರಸ್ಸನ್ನು ತಟಸ್ಥಗೊಳಿಸಬಲ್ಲ ಪ್ರತಿಕಾಯಗಳು ಹುಟ್ಟಿದವು. ಕಡಲೆಕಾಯಿ ಸೊಪ್ಪು ದನಕ್ಕೆ ಹೇಗೂ ಪ್ರಿಯವಾದ ಮೇವು. ಅದಕ್ಕೆ ಸೂಜಿ ಬೇಡ, ಮಂಜುಗಡ್ಡೆ ಬೇಡ. ವೈರಸ್ಸಿನ ಒಂದೇ ಪ್ರೋಟೀನು ಅದರಲ್ಲಿದ್ದುದರಿಂದ, ಮೇದ ದನವನ್ನು ರೋಗ ಬಂದ ದನದಿಂದ ಬೇರ್ಪಡಿಸಿ ಗುರುತಿಸುವ ದಾರಿಯೂ ತೆರೆದಂತಾಯಿತು.

ಆದರೆ ಕಾಲವು ಮುಂದೆ ಹೋಗಿತ್ತು. ಭಾರತದಲ್ಲಿ ದೊಡ್ಡರೋಗವು ಕೊನೆಯದಾಗಿ ಕಂಡದ್ದು 1995ರಲ್ಲಿ. 2006ರಲ್ಲಿ ಭಾರತವೂ 2011ರಲ್ಲಿ ಇಡೀ ಜಗತ್ತೂ ಈ ರೋಗದಿಂದ ಮುಕ್ತವೆಂದು ಘೋಷಿತವಾದುವು. ಸಿಡುಬಿನ ಬಳಿಕ ಮನುಷ್ಯನು ನಿರ್ಮೂಲಗೊಳಿಸಿದ ಎರಡನೆಯ ರೋಗವಿದು. ಕಡಲೆಕಾಯಿಯ ಎಲೆಯು ಗೆಲ್ಲಬೇಕಾಗಿದ್ದ ಶತ್ರುವೇ ಉಳಿಯಲಿಲ್ಲ. ಇದರಿಂದ ಆ ಶ್ರಮವು ವ್ಯರ್ಥವಾಯಿತೆನ್ನುವವರ ಮಾತನ್ನು ನಾವು ಒಪ್ಪಲಾರೆವು. ಕುರಿ ಆಡುಗಳನ್ನು ಕೊಲ್ಲುವ ಹಿರೇಬೇನೆಯು ಇದೇ ವೈರಸ್ ಬಳಗದ್ದು, ಅದಿನ್ನೂ ಅಳಿದಿಲ್ಲ. ದನದ ಕೊಟ್ಟಿಗೆಯಿಲ್ಲದ ಬಡವನ ಆಸ್ತಿಯನ್ನೇ ಅದು ಹಿಡಿಯುತ್ತದೆ. ಶೈಲಾ ಅವರ ತಂಡವು ಆ ವೈರಸ್ಸಿನ ಪ್ರೋಟೀನನ್ನೂ ಕಡಲೆಕಾಯಿ ಗಿಡದಲ್ಲಿ ಬೆಳೆಸಿ, ಕುರಿಗಳಿಗೆ ಮೇಯಿಸಿ, ಅವುಗಳಲ್ಲಿ ಪ್ರತಿರೋಧವು ಮೂಡಿದ್ದನ್ನು ದೊಡ್ಡರೋಗವು ಅಳಿಯಿತೆಂದು ಘೋಷಿಸಲಾದ ಆ 2011ರಲ್ಲಿಯೇ ಪ್ರಕಟಿಸಿತು.